ಸುಕ್ಕಿಲ್ಲದ ಹಾಸಿಗೆ

ಜನವರಿ 11

ಗಿಡ್ಡಿ,

ಈ ಕಾಗದ ಕಂಡು ನಿನ್ನ ಹುಬ್ಬು ಮೇಲೇರಿದ್ದು ಇಲ್ಲಿಂದಲೇ ಕಾಣುತ್ತಿದೆ. ವಿಳಾಸ ಕೊಟ್ಟವರು ನಮ್ಮ ಹೋಟೆಲಿನ ಬಟ್ಟೆಬರೆ ನೋಡಿಕೊಳ್ಳುವ ಲಿನನ್ ರೂಮಿನ ಅಮ್ಮ. ಅವರ ಮೇಲೆ ಸಿಟ್ಟಾಗಬೇಡ. ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೊನ್ನೆ ನಾನು ಒಗೆಯಲು ಬಿದ್ದ ದಿಂಬಿನ ಚೀಲಗಳ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ, ಅದಕ್ಕೆ ಕರಗಿದರು. ನಿನ್ನ ಫೋನ್ ನಂಬರ್ ಅವರ ಹತ್ತಿರವೂ ಇಲ್ಲವಂತೆ.

ನೀನು ಊರು ಬಿಟ್ಟ ಮೇಲೆ ನನಗೆ ಒಂದು ಸಾಲೂ ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ದೂರಲಿ? ಅಷ್ಟು ವರ್ಷ ಹೋಟೆಲಿನ ಒಂದೊಂದು ಮಂಚದ ಆ ಬದಿಗೆ ನೀನು, ಈ ಬದಿಗೆ ನಾನು ನಿಂತು ಹಾಸಿಗೆ ಹಾಕಿದವರು. ಲಿಫ್ಟ್ ರಿಪೇರಿಗೆ ಬಂದವನನ್ನು ನಿನಗೆ ತೋರಿಸಿ, "ಇವ್ನೇ ಕಣೇ ನಮ್ಮಣ್ಣ, ಸ್ವಲ್ಪ ಪೆದ್ದ, ಆದ್ರೆ ಒಳ್ಳೆಯವ್ನು" ಎಂದವಳು ನಾನೇ. ಎರಡೂ ಸುಳ್ಳಾದವು. ಗೆಳತಿಯಾಗಿದ್ದವಳು ನನಗೆ ಅತ್ತಿಗೆಯಾದೆ. ಅವನು ಕನ್ನಡಕದಂಗಡಿಯವಳ ಜೊತೆ ಹೊರಟುಹೋದ ಮೇಲೆ ಎರಡೂ ಅಲ್ಲದ ಹಾಗೆ ಆಗಿಬಿಟ್ಟೆ. ನಿನ್ನ ಗಂಡ ಹೋದದ್ದಕ್ಕೆ ಎಲ್ಲರೂ ನಿನ್ನನ್ನು ಸಮಾಧಾನ ಮಾಡಿದರು. ನನ್ನ ಗೆಳತಿ ಹೋದದ್ದಕ್ಕೆ ನನ್ನನ್ನು ಯಾರು ಮಾಡಿದರು?

ಇರಲಿ, ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಿಂದ ಬಿಟ್ಟ ದಿನ ಕನ್ನಡಕದಂಗಡಿಯವಳು ಅವನನ್ನು ಆಂಬುಲೆನ್ಸಿನಲ್ಲಿ ಕರೆತಂದು ನಮ್ಮ ಮನೆಯ ಮುಂದೆ ಇಳಿಸಿದಳು. ಬಟ್ಟೆಯ ಚೀಲವನ್ನು ಮೆಟ್ಟಿಲ ಮೇಲಿಟ್ಟು, "ನನ್ ಕೈಲಿ ಆಗಲ್ಲಮ್ಮ, ಬೈಬೇಡಿ ನನ್ನ" ಅಂದಳು. ಅಮ್ಮ ಬೈಯಲಿಲ್ಲ. ನಾನು ಬೈಯೋಣವೆಂದು ಬಾಯಿ ತೆರೆದೆ, ಅವಳ ಮುಖ ನೋಡಿ ಚೀಲ ಎತ್ತಿ ಒಳಗಿಟ್ಟೆ. ಅವಳು ಅದೇ ಗಾಡಿ ಹತ್ತಿ ಹೋದಳು.

ಈಗ ಅವನು ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲಿದ್ದಾನೆ. ಅಮ್ಮನದು ದಿನಾ ಒಂದೇ ಮಾತು: "ಬರಿ ಅವ್ಳಿಗೆ. ಕಟ್ಕೊಂಡೋಳು ಅವ್ಳು. ಬಿಟ್ಟೋದ್ರೂ ಗಂಡ ಗಂಡಾನೇ." ಬರೆಯುತ್ತೇನೆ ಅಂದಿದ್ದೆ, ಬರೆದಿದ್ದೇನೆ. ನನ್ನ ಬಾಯಿಂದ ನಾನು ಏನೂ ಕೇಳಿಲ್ಲ, ಗಮನಿಸು.

ಬೈಯುವುದಕ್ಕಾದರೂ ಬರೆ,
ಜಿರಾಫೆ


ಜನವರಿ 24

ಜಿರಾಫೆ,

ಲಿನನ್ ರೂಮಿನ ಅಮ್ಮನ ಮೇಲೆ ಸಿಟ್ಟಿದೆ, ಹಾಗೆಂದು ಹೇಳು.

ನಿನ್ನ ಕಾಗದವನ್ನು ಕೊನೆಯವರೆಗೂ ಓದಿದೆ. ಇನ್ನು ಮೇಲೆ ಅವನ ವಿಷಯವಿರುವ ಕಾಗದ ಓದುವುದಿಲ್ಲ. ಮೊದಲ ಸಾಲಿನಲ್ಲಿ ಕಂಡರೆ ಮೊದಲ ಸಾಲಿನಲ್ಲೇ ಹರಿಯುತ್ತೇನೆ. ಹೋಟೆಲಿನ ವಿಷಯ ಬರೆ, ನಿನ್ನ ಮಂಡಿ ನೋವಿನ ವಿಷಯ ಬರೆ, ಏನು ಬೇಕಾದರೂ ಬರೆ. ಅವನು ಮಾತ್ರ ಬೇಡ.

ಕಲ್ಲುಮನಸ್ಸು ಅನ್ನುತ್ತಾರೆ ನಿಮ್ಮಮ್ಮ. ಅನ್ನಲಿ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಕನ್ನಡಿ ಮುಂದೆ ನಿಂತು ನನ್ನ ಮುಖದಲ್ಲಿ ಏನು ಕಡಿಮೆಯಾಗಿತ್ತು ಎಂದು ಹುಡುಕುತ್ತಿದ್ದೆ. ಕನ್ನಡಕದಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಈಗ ಆಚೆ ಹೋಗುವುದಿಲ್ಲ, ತಲೆ ತಗ್ಗಿಸಿಕೊಂಡು ದಾಟುತ್ತೇನೆ. ಇಷ್ಟು ಸುಧಾರಿಸಿಕೊಳ್ಳುವುದಕ್ಕೆ ಮೂರು ವರ್ಷ ಹಿಡಿಯಿತು. ಅದನ್ನು ನೀನು ಒಂದು ಅಂಚೆಚೀಟಿ ಅಂಟಿಸಿ ಹಾಳುಮಾಡಬೇಡ.

ನನ್ನ ಕೆಲಸ ಕೇಳಿದರೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆ ಇದು. ನನಗೆ ಎರಡನೇ ಮಹಡಿ, ಎಲ್ಲ ವಯಸ್ಸಾದ ಹೆಂಗಸರು. ಹೋಟೆಲಿನಲ್ಲಿ ಜನ ಎದ್ದುಹೋದ ಮೇಲೆ ಹಾಸಿಗೆ ಹಾಕುತ್ತಿದ್ದೆವು, ಇಲ್ಲಿ ಜನ ಮಲಗಿರುವಾಗಲೇ ಹಾಕಬೇಕು. ಮೇಟ್ರನ್ ಹುಲಿ. ಆದರೆ ಕಚ್ಚುವುದಿಲ್ಲ.

ಫೋನ್ ನಂಬರ್ ಕೇಳಬೇಡ. ನಿನ್ನ ದನಿ ಕೇಳಿದರೆ ಮೆತ್ತಗಾಗುತ್ತೇನೆ. ಅದು ನಿನಗೂ ಗೊತ್ತು, ನಿಮ್ಮಮ್ಮನಿಗೂ ಗೊತ್ತು.

ಇಷ್ಟೇ,
ಗಿಡ್ಡಿ


ಫೆಬ್ರವರಿ 9

ಗಿಡ್ಡಿ ಮಹಾರಾಣಿಯವರ ಸನ್ನಿಧಾನಕ್ಕೆ,

ಅಪ್ಪಣೆಯಂತೆ ಹೋಟೆಲಿನ ವಿಷಯ. ನಿನ್ನ ಜಾಗಕ್ಕೆ ಬಂದವಳು ಮೊದಲು ಬಸ್ ಕಂಡಕ್ಟರ್ ಆಗಿದ್ದವಳು. ಶೀಟು ಎಸೆದು ಎರಡೂ ಬದಿ ಸರಿಯಾದರೆ "ರೈಟ್" ಅನ್ನುತ್ತಾಳೆ, ಸೊಟ್ಟಗಾದರೆ "ಹೋಲ್ಡಾನ್". ಮೊದಲ ವಾರ ನಗುತ್ತಿದ್ದೆ, ಈಗ ನಾನೂ ನಿಂತಲ್ಲೇ ನಿಲ್ಲುತ್ತೇನೆ. ಹೋದ ವಾರ ಮೂರನೇ ಮಹಡಿಯ ಒಬ್ಬ ಯಜಮಾನರು ಹಲ್ಲಿನ ಸೆಟ್ ಬಿಟ್ಟುಹೋದರು. ಫೋನ್ ಮಾಡಿ ಅದನ್ನೇ ಕೇಳುತ್ತಿದ್ದರಂತೆ. ಹಲ್ಲಿಲ್ಲದೆ ಏನು ಹೇಳುತ್ತಿದ್ದಾರೆಂದು ರಿಸೆಪ್ಷನ್ನಿನವರಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ಅವರ ಹೆಂಡತಿ ಫೋನ್ ತೆಗೆದುಕೊಂಡು ಕಿರುಚಿದ ಮೇಲೆ ಗೊತ್ತಾಯಿತು.

ನನ್ನ ಮಂಡಿ ಚೆನ್ನಾಗಿ ನೋಯುತ್ತಿದೆ, ವಿಚಾರಿಸಿದ್ದಕ್ಕೆ ಥ್ಯಾಂಕ್ಸ್. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಎರಡನೇ ಪಾಳಿ ಕಾದಿರುತ್ತದೆ. ಬೆನ್ನು ಎಂಬುದು ಒಂದು ಇತ್ತು, ಅದೀಗ ನೆನಪು ಮಾತ್ರ. ಅಮ್ಮನ ಕೈಯಲ್ಲಿ ಬಲವಿಲ್ಲ, ಬಾಯಲ್ಲಿ ಮಾತ್ರ ಇದೆ.

ಇನ್ನು ನಾನು ಬರೆಯುವುದು ಹಾಸಿಗೆಯ ಬಗ್ಗೆ. ಅದರ ಮೇಲೆ ಯಾರು ಮಲಗಿದ್ದಾರೆ ಅನ್ನುವುದು ನಿನಗೆ ಬೇಡದ ವಿಷಯ. ಹಾಲ್‌ನ ಮಂಚಕ್ಕೆ ದಿನಾ ನಮ್ಮ ಹೋಟೆಲಿನ ಮೇಲಿನ ಮಹಡಿಯ ದೊಡ್ಡ ರೂಮುಗಳಿಗೆ ಹಾಕುವ ಹಾಗೇ ಹಾಕುತ್ತೇನೆ. ಮೂಲೆ ಮಡಚಿ, ಮೇಲಿನ ಹೊದಿಕೆಯನ್ನು ಕಾಲಿನ ಕಡೆ ಎಳೆದು, ಹಾಸಿಗೆಯ ಅಡಿಗೆ ಬಿಗಿಯಾಗಿ ಸೇರಿಸಿ. ನೀನು ಕಲಿಸಿದ ಬಿಗಿ! ದಿನವೆಲ್ಲ ಒಬ್ಬ ಮನುಷ್ಯ ಮಲಗಿದ್ದರೂ ಸಂಜೆಗೆ ಒಂದು ಸುಕ್ಕಿಲ್ಲ. ನೋಡಲು ಬಂದವರೆಲ್ಲ, "ಆಸ್ಪತ್ರೆಲೂ ಹಿಂಗಿರಲ್ಲ ಬಿಡಿ" ಅನ್ನುತ್ತಾರೆ. ನನ್ನ ಪಾಲಿಗೆ ಹೆಮ್ಮೆ ಅಂತ ಉಳಿದಿರುವುದು ಅದೊಂದೇ. ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ನಿನ್ನನ್ನು ಬಿಟ್ಟರೆ ಒಂದು ಮೂಲೆ ಮಡಿಕೆಯ ಬೆಲೆ ಯಾರಿಗೆ ಗೊತ್ತು?

ಹೋಲ್ಡಾನ್,
ಜಿರಾಫೆ


ಫೆಬ್ರವರಿ 15

ಜಿರಾಫೆ,

ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಕಾಲಿನ ಕಡೆಯ ಹೊದಿಕೆ ಬಿಚ್ಚು. ಬಿಗಿ ಕೂಡದು. ಪಾದದ ಮೇಲೆ ಭಾರವೇ ಬೀಳಬಾರದು. ಅಲುಗಾಡಿಸಲು ಆಗದ ಕಾಲು ಅದು, ಒತ್ತಿದರೂ ಅಂಥವರಿಗೆ ಗೊತ್ತಾಗುವುದಿಲ್ಲ. ಹಿಮ್ಮಡಿ ನೋಡು. ಬೆರಳುಗಳ ತುದಿ ನೋಡು. ಕೆಂಪಾಗಿದ್ದರೆ, ಕಪ್ಪಾಗಿದ್ದರೆ ಉಜ್ಜಬೇಡ, ಆವತ್ತೇ ಡಾಕ್ಟರಿಗೆ ತೋರಿಸು. ಮೊಣಕಾಲಿನ ಕೆಳಗೆ, ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿರುವ ಹಾಗೆ ಮಾಡು. ಮಗ್ಗುಲು ಬದಲಿಸುತ್ತಿರು.

ಇಲ್ಲಿಗೆ ಬಂದಾಗ ನಾನೂ ಹೋಟೆಲಿನ ಹಾಗೇ ಬಿಗಿದಿದ್ದೆ. ಮೇಟ್ರನ್ ಕಣ್ಣಿಗೆ ಬಿದ್ದು ಒಬ್ಬ ಅಜ್ಜಿಯ ಕಾಲು ಉಳಿಯಿತು.

ಹೇಗಿದೆ ಎಂದು ನನಗೆ ಬರೆಯಬೇಡ.

ಗಿಡ್ಡಿ


ಫೆಬ್ರವರಿ 27

ಅತ್ತಿಗೆ,

ಹೌದು, ಅತ್ತಿಗೆ ಅಂತಲೇ ಬರೆಯುತ್ತಿದ್ದೇನೆ. ಹರಿಯುವುದಾದರೆ ಹರಿ. ಆದರೆ ಈ ಪುಟದ ಕೊನೆಗೆ ಒಂದು ಮಾತಿದೆ, ಅಲ್ಲಿಯವರೆಗಾದರೂ ಬಾ.

ನಿನ್ನ ಕಾರ್ಡು ಓದುತ್ತಲೇ ಓಡಿಹೋಗಿ ಹೊದಿಕೆ ಕಿತ್ತೆ. ಬಲ ಹಿಮ್ಮಡಿ ಕಪ್ಪಾಗಿತ್ತು. ಮೇಲಿನಿಂದ ನೋಡಿದರೆ ಮಸಿ ತಾಗಿದ ಹಾಗೆ, ಅಷ್ಟೇ. ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದೆ, ಆಮೇಲೆ ನೀನು ಉಜ್ಜಬೇಡ ಎಂದದ್ದು ನೆನಪಾಯಿತು. ಡಾಕ್ಟರು ಬಂದು ನೋಡಿ, ಒಳಗೆ ಆಳವಾಗಿದೆ ಅಂದರು. ಕತ್ತರಿಸಿ ತೆಗೆದಾಗ ಕಂಡದ್ದನ್ನು ನಿನಗೆ ಬರೆಯುವುದಿಲ್ಲ. ಅವನ ಮುಖದಲ್ಲಿ ನೋವೇ ಇರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದ.

ನಾನೇ ಕಟ್ಟಿಹಾಕಿದೆ ಅವನ ಕಾಲನ್ನು, ಗಿಡ್ಡಿ. ದಿನಾ ಬೆಳಿಗ್ಗೆ, ಪ್ರೀತಿಯಿಂದ, ಶಕ್ತಿಯೆಲ್ಲ ಹಾಕಿ ಎಳೆದು. ಬಂದವರು ಹೊಗಳಿದರೆ ಹಿಗ್ಗುತ್ತಿದ್ದೆ.

ಈಗ ಆ ಮಾತು. ನೀನು ಬೇಡ ಎಂದದ್ದೇ ಇದು. ಅವನಿಗೆ ಒಂದು ಮಾತು ತಿರುಗಿ ಬಂದಿದೆ. ಒಂದೇ ಒಂದು. ನಿನ್ನ ಹೆಸರು. ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ ಹೇಳುತ್ತಾನೆ, ಬಾಗಿಲು ಸದ್ದಾದರೆ ಅದೇ ಹೇಳುತ್ತಾನೆ. ನಿನ್ನನ್ನೇ ಕೇಳುತ್ತಿದ್ದಾನೆ.

ಇನ್ನೇನೂ ಬರೆಯಲಾರೆ. ಬಾ.

ನಿನ್ನ ನಾದಿನಿ


ಮಾರ್ಚ್ 12

ನನ್ನ ಜಿರಾಫೆ,

ನಿನ್ನ ಕಾಗದವನ್ನು ಎರಡನೇ ಮಹಡಿಯ ಬಟ್ಟೆ ಕಪಾಟಿನ ಹಿಂದೆ ನಿಂತು ಓದಿದೆ. ಪುಟದ ಕೊನೆಗೆ ಬಂದಾಗ ಅಲ್ಲೇ ಟವೆಲುಗಳ ಮೇಲೆ ಕೂತೆ. ಒಬ್ಬ ಅಜ್ಜಿ ಮಂಚದಿಂದ, "ಯಾಕೆ ನಗ್ತಿದೀಯೇ?" ಎಂದು ಕೇಳಿದರು. ನಾನು ಅಳುತ್ತಿದ್ದೇನೆ ಅಂದುಕೊಂಡಿದ್ದೆ.

ನಿನಗೆ ಹೇಳದ ಒಂದು ವಿಷಯ ಹೇಳುತ್ತೇನೆ. ಅವನು ಹೋದಾಗ ಜಗಳವಿರಲಿಲ್ಲ, ಮಾತಿರಲಿಲ್ಲ. ನಾನು ಪಾಳಿ ಮುಗಿಸಿ ಬಂದಾಗ ಅವನ ಅಂಗಿಗಳು ಇರಲಿಲ್ಲ. ಒಂದು ಚೀಟಿಯೂ ಇಲ್ಲ. ಬೈದು ಹೋಗಿದ್ದರೆ, "ನಿನ್ನ ಕಂಡ್ರೆ ಆಗಲ್ಲ" ಎಂದು ಹೇಳಿ ಹೋಗಿದ್ದರೆ, ಅದನ್ನಾದರೂ ಹಿಡಿದುಕೊಂಡು ಜಗಳ ಆಡಬಹುದಿತ್ತು. ಏನೂ ಹೇಳದೆ ಹೋದವನ ಜೊತೆ ಹೇಗೆ ಜಗಳ ಆಡುವುದು? ಮೂರು ವರ್ಷ ನಾನು ಬೇಡಿಕೊಂಡದ್ದು ಅವನು ತಿರುಗಿ ಬರಲಿ ಎಂದಲ್ಲ. ಒಂದು ಸಲ ನನ್ನನ್ನು ಕೇಳಲಿ, ನಾನು ಬರುವುದಿಲ್ಲ ಅನ್ನಬೇಕು. ಅಷ್ಟೇ ಇತ್ತು ನನ್ನ ಆಸೆ. ಈಗ ಕೇಳಿದ್ದಾನೆ, ನಾನು ಬರುತ್ತೇನೆ ಅನ್ನುತ್ತಿದ್ದೇನೆ. ನಗು ಬೇಕಾದರೆ.

ಮೇಟ್ರನ್‌ಗೆ ಹೇಳಿದ್ದೇನೆ. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ. ಅವರು ಕನ್ನಡಕ ಕೆಳಗಿಳಿಸಿ ನೋಡಿ, "ಯೋಚನೆ ಮಾಡಿದೀಯಾ?" ಎಂದರು. ಮಾಡಿದ್ದೇನೆ ಅಂದೆ. ಎಲ್ಲಿ ಮಾಡಿದೆ! ಬಸ್ಸಿಗೆ ಸೀಟು ಕಾದಿರಿಸಿದ್ದೇನೆ. ನಿನ್ನೆ ತಲೆಗೆ ಬಣ್ಣ ಹಾಕಿಸಿಕೊಂಡೆ. ಮುಂದಲೆ ಪೂರ್ತಿ ನರೆತಿತ್ತು, ಅವನು ನೋಡಿದ್ದು ಕಪ್ಪು ತಲೆಯನ್ನು. ಪಾರ್ಲರಿನವಳು ಮದುವೆ ಮನೆಗಾ ಎಂದು ಕೇಳಿದಳು, ಹೌದು ಅಂದುಬಿಟ್ಟೆ.

ಹಿಮ್ಮಡಿಯ ವಿಷಯಕ್ಕೆ ಎದೆ ಒಡೆದುಕೊಳ್ಳಬೇಡ. ನಾನು ಬಂದು ನೋಡುತ್ತೇನೆ. ಇಂಥ ಹುಣ್ಣು ಎಷ್ಟೋ ಒಣಗಿಸಿದ್ದೇನೆ.

ಒಂದು ಸಾಲು ಬರೆ. ಹೇಗೆ ಹೇಳುತ್ತಾನೆ? ಪೂರ್ತಿ ಹೆಸರೋ, ಮೊದಲು ಕರೆಯುತ್ತಿದ್ದ ಹಾಗೆ ಅರ್ಧವೋ?

ಬರುತ್ತಿದ್ದೇನೆ,
ನಿನ್ನ ಗಿಡ್ಡಿ


ಮಾರ್ಚ್ 19

ಗಿಡ್ಡಿ,

ಬರಬೇಡ.

ಅವನು ನಿನ್ನ ಹೆಸರು ಹೇಳುವುದಿಲ್ಲ. ಪೂರ್ತಿಯೂ ಇಲ್ಲ, ಅರ್ಧವೂ ಇಲ್ಲ. ಒಂದು ಮಾತು ಬಂದಿರುವುದು ನಿಜ. ಅದು ಕನ್ನಡಕದಂಗಡಿಯವಳ ಹೆಸರು. ನೀರು ಬೇಕಾದರೆ ಅವಳ ಹೆಸರು, ಮಗ್ಗುಲು ನೊಂದರೆ ಅವಳ ಹೆಸರು, ಹೊಟ್ಟೆ ಹಸಿದರೆ ಅದೇ. ಡಾಕ್ಟರು ಹೇಳುತ್ತಾರೆ, ಲಕ್ವ ಹೊಡೆದ ಕೆಲವರಿಗೆ ಹೀಗೆ ಒಂದೇ ಮಾತು ಉಳಿದುಬಿಡುತ್ತದೆ, ಅದಕ್ಕೆ ಅರ್ಥ ಹುಡುಕಬಾರದು ಎಂದು. ಹುಡುಕದೆ ಇರಲು ಆಗುತ್ತದೆಯೇ? ಅಮ್ಮ ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಈಗ ಆ ಹೆಸರಿಗೆ ಅಮ್ಮನೇ "ಬಂದೆ ಕಣೋ" ಎನ್ನುತ್ತಾಳೆ.

ಸುಳ್ಳು ಬರೆದದ್ದು ನಾನು. ಅಮ್ಮ ಹೇಳಿಕೊಟ್ಟದ್ದಲ್ಲ. ನಿನ್ನ ಕಾರ್ಡು ನೋಡಿದಾಗ ನಿನಗಿನ್ನೂ ಅವನ ಮೇಲೆ ಅಕ್ಕರೆ ಇದೆ ಎಂದು ತಿಳಿಯಿತು. ಒಂದು ಸುಳ್ಳಿನ ದೂರದಲ್ಲಿದ್ದಾಳೆ, ಕರೆದರೆ ಬರುತ್ತಾಳೆ ಅನ್ನಿಸಿತು. ನನ್ನ ಬೆನ್ನು ಬಿದ್ದುಹೋಗಿದೆ, ಗಿಡ್ಡಿ. ಅವನನ್ನು ಒಬ್ಬಳೇ ಹೊರಳಿಸಿ, ಒಬ್ಬಳೇ ಶೀಟು ಎಳೆದು, ಆ ಹುಣ್ಣು ತೊಳೆದು, ಮತ್ತೆ ಹೋಟೆಲಿಗೆ ಹೋಗಿ ಹದಿನಾರು ರೂಮು. ಅಣ್ಣನಿಗೆ ಹೆಂಡತಿ ಬೇಕು ಎಂದು ನಾನು ಬರೆಯಲಿಲ್ಲ. ನನಗೆ ನೀನು ಬೇಕಾಗಿತ್ತು. ಅದನ್ನೇ ಬರೆದಿದ್ದರೆ ನೀನು ಬರುತ್ತಿದ್ದೆಯೋ ಇಲ್ಲವೋ, ಧೈರ್ಯ ಸಾಲಲಿಲ್ಲ.

ನಿನ್ನ ಕಾಗದ ಬರುವವರೆಗೂ ನನಗೆ ನಾಚಿಕೆ ಇರಲಿಲ್ಲ. ತಲೆಗೆ ಬಣ್ಣ ಹಾಕಿಸಿಕೊಂಡೆ ಎಂದು ಬರೆದಿದ್ದೆಯಲ್ಲ, ಅಲ್ಲಿ ಸತ್ತೆ. ನೀನು ಆ ತಲೆ ಬಾಚಿಕೊಂಡು ಬಂದು ಮಂಚದ ಮುಂದೆ ನಿಲ್ಲುವುದು, ಅವನು ನಿನ್ನ ಮುಖ ನೋಡಿ ಅವಳ ಹೆಸರು ಹೇಳುವುದು. ಅದನ್ನು ನಾನು ನೋಡಲಾರೆ. ನನ್ನ ಬೆನ್ನು ಮುರಿದರೆ ಮುರಿಯಲಿ.

ಈ ಕಾಗದವನ್ನು ಬಸ್ ಹೊರಡುವ ಮೊದಲು ತಲುಪಲಿ ಎಂದು ದೊಡ್ಡ ಅಂಚೆಕಚೇರಿಗೇ ಹೋಗಿ ಹಾಕುತ್ತೇನೆ. ಅಮ್ಮನಿಗೆ ಗೊತ್ತಿಲ್ಲ. ನೀನು ಬರುತ್ತೀಯೆಂದು ನಿನಗೆ ಒಂದು ಕಪಾಟು ಖಾಲಿ ಮಾಡಿದ್ದಾಳೆ.

ಯಾವ ಹೆಸರಿನಲ್ಲಿ ಸಹಿ ಹಾಕಲಿ ತಿಳಿಯುತ್ತಿಲ್ಲ.


ಏಪ್ರಿಲ್ 17

ಗಿಡ್ಡಿ,

ನೀನು ಬರಲಿಲ್ಲ, ಹಾಗಾಗಿ ಕಾಗದ ತಲುಪಿದೆ. ಉತ್ತರವೂ ಇಲ್ಲ, ಹಾಗಾಗಿ ಓದಿದ್ದೀಯೆ. ಇದನ್ನು ನೀನು ಒಡೆಯುವುದಿಲ್ಲ ಎಂದು ಗೊತ್ತಿರುವುದರಿಂದ ಅವನ ವಿಷಯ ಧಾರಾಳವಾಗಿ ಬರೆಯಬಹುದು.

ಹುಣ್ಣು ಒಣಗುತ್ತಿಲ್ಲ. ನೀನು ಹೇಳಿದ ಹಾಗೆಯೇ ದಿಂಬು ಇಟ್ಟಿದ್ದೇನೆ, ಹೊದಿಕೆಯನ್ನು ಕಾಲಿಗೆ ತಾಗಿಸುವುದೇ ಇಲ್ಲ. ಆದರೂ ವಾಸನೆ ಶುರುವಾಗಿದೆ. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ಕಳಿಸಿದರು. ಜ್ವರ ಬರುತ್ತದೆ, ಹೋಗುತ್ತದೆ. ಕಾಲು ತೆಗೆಯುವ ಮಾತು ಬಂತು. ಈ ದೇಹ ತಡೆಯಲಾರದು ಎಂದು ಡಾಕ್ಟರೇ ಬೇಡವೆಂದರು.

ಹೋಟೆಲಿನಲ್ಲಿ ನಾನು ಹಾಕಿದ ಹಾಸಿಗೆಗಳು ಸಡಿಲ ಎಂದು ಎರಡು ಸಲ ಬೈಗುಳ ತಿಂದೆ. ಕಂಡಕ್ಟರ್ ಪಾಪ ನನ್ನ ಬದಿಗೂ ಬಂದು ಎಳೆದು ಸೇರಿಸುತ್ತಾಳೆ. ಕಾಲಿನ ಕಡೆ ಬಂದರೆ ನನ್ನ ಕೈ ಬಿಗಿಯುವುದಿಲ್ಲ, ಏನು ಮಾಡಲಿ?

ನೀನು ನನ್ನನ್ನು ಬೈಯಲಿ ಎಂದು ದಿನಾ ಕಾಯುತ್ತೇನೆ. ಬೈಯದೆ ಇರುವುದು ಎಷ್ಟು ದೊಡ್ಡ ಶಿಕ್ಷೆ ಎಂದು ನಿನಗೆ ನಮ್ಮಣ್ಣನೇ ಕಲಿಸಿರಬೇಕು.

ಕಾಯುತ್ತಿರುವ,
ಜಿರಾಫೆ


ಮೇ 5

ಜಿರಾಫೆ,

ಕೊನೆಯ ಸಾಲು ಚುಚ್ಚಿತು. ಚುಚ್ಚಲಿ ಎಂದೇ ಬರೆದೆ ನೀನು. ಸರಿ.

ಬೈಗುಳ ಬೇಕೆಂದೆಯಲ್ಲ, ತಗೋ. ನಿನ್ನಷ್ಟು ನೀಚಳನ್ನು ನಾನು ನೋಡಿಲ್ಲ. ನಾನು ಯಾವ ಜಾಗವನ್ನು ಯಾರಿಗೂ ಮುಟ್ಟಗೊಡದೆ ಕಾಯ್ದುಕೊಂಡಿದ್ದೆನೋ ಅಲ್ಲಿಗೇ ಕೈ ಹಾಕಿದೆ ನೀನು. ಬೇರೆ ಯಾರಾದರೂ ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರಿಗೆ ಗೊತ್ತಿರಲಿಲ್ಲ ಅಂದುಕೊಳ್ಳುತ್ತಿದ್ದೆ. ನಿನಗೆ ಎಲ್ಲ ಗೊತ್ತಿತ್ತು. ಬಸ್ಸಿನ ಟಿಕೆಟ್ ಹರಿದು ಹಾಕಿದೆ. ಮೇಟ್ರನ್ ಮುಂದೆ ಹೋಗಿ ಕೆಲಸ ಬಿಡುವುದಿಲ್ಲ ಅಂದೆ. ಅವರು ಏನೂ ಕೇಳದೆ, "ಒಂಬತ್ತನೇ ನಂಬರಿನವರಿಗೆ ಸ್ನಾನ ಆಗಿಲ್ಲ" ಅಂದರು. ಸ್ನಾನ ಮಾಡಿಸಿದೆ. ನಾಲ್ಕು ವಾರ ನಾನು ಅವನಿಗಿಂತ ನಿನ್ನನ್ನು ಹೆಚ್ಚು ದ್ವೇಷಿಸಿದೆ. ಅವನನ್ನು ಮರೆತೇಬಿಟ್ಟಿದ್ದೆ, ಅಷ್ಟು ಕೆಲಸ ಕೊಟ್ಟೆ ನೀನು.

ಆಮೇಲೆ ಸಿಟ್ಟು ದಣಿಯಿತು. ಮತ್ತೆ ನಿನ್ನ ಮಾರ್ಚ್ ತಿಂಗಳ ಕಾಗದ ತೆಗೆದೆ. ಈ ಸಲ ಒಂದು ವಿಷಯ ಕಂಡಿತು. ನೀನು ಸುಮ್ಮನಿದ್ದರೆ ನಾನು ಬರುತ್ತಿದ್ದೆ. ನಿನಗೆ ಕೈಗೆ ಕೈ ಸಿಗುತ್ತಿತ್ತು, ರಾತ್ರಿ ನಿದ್ದೆ ಸಿಗುತ್ತಿತ್ತು. ಬಂದ ಮೇಲೆ ನಾನು ತಿರುಗಿ ಹೋಗುವವಳಲ್ಲ ಎಂದೂ ನಿನಗೆ ಗೊತ್ತಿತ್ತು. ಅಷ್ಟನ್ನೂ ಬಿಟ್ಟು ಬರಬೇಡ ಎಂದೆ. ಅವನು ಹೋಗುವಾಗ ನನಗೊಂದು ಮಾತು ಹೇಳಿದ್ದರೆ ಸಾಕಿತ್ತು ಎಂದು ಮೂರು ವರ್ಷ ಗೋಳಾಡಿದೆ. ಆ ಮಾತು ಹೇಳಿದವಳು ನೀನು. ಅವನ ಬಾಯಲ್ಲಿ ನಾನಿಲ್ಲ. ಇದು ತಿಳಿದಾಗ ಸತ್ತುಹೋಗುತ್ತೇನೆ ಅಂದುಕೊಂಡಿದ್ದೆ. ಹೋಗಲಿಲ್ಲ. ಒಂದು ವಾರ ಗಂಟಲಿನಲ್ಲಿ ಅನ್ನ ಇಳಿಯಲಿಲ್ಲ, ಆಮೇಲೆ ಇಳಿಯಿತು.

ಈಗ ಕೆಲಸದ ಮಾತು. ನಮ್ಮ ನಾಲ್ಕನೇ ಮಹಡಿ ಗಂಡಸರದು. ಜೂನ್ ಮೊದಲ ವಾರ ಅಲ್ಲೊಂದು ಮಂಚ ಖಾಲಿಯಾಗುತ್ತದೆ. ಮೇಟ್ರನ್ ಒಪ್ಪಿದ್ದಾರೆ. ಹುಣ್ಣು ನೋಡಿಕೊಳ್ಳಲು ಅಲ್ಲಿ ನರ್ಸುಗಳಿದ್ದಾರೆ. ಅವನನ್ನು ಕರೆದುಕೊಂಡು ಬಾ. ನಾನು ನಾಲ್ಕನೇ ಮಹಡಿಗೆ ಹತ್ತುವುದಿಲ್ಲ, ಅದನ್ನು ಈಗಲೇ ಹೇಳಿದ್ದೇನೆ. ನೀನು ಒಂದು ತಿಂಗಳು ರಜ ಹಾಕಿ ನನ್ನ ರೂಮಿನಲ್ಲಿ ಮಲಗು. ಬರೀ ಮಲಗು. ಅಮ್ಮನನ್ನೂ ಕರೆದುಕೊಂಡು ಬಾ, ಬೈಯುವುದಕ್ಕೆ ಅವರಿಗೂ ನಾನು ಬೇಕಲ್ಲ.

ಇನ್ನೂ ಪೂರ್ತಿ ಕ್ಷಮಿಸಿಲ್ಲ,
ಗಿಡ್ಡಿ


ಮೇ 18

ಗಿಡ್ಡಿ,

ಮಂಚ ಬೇಡ ಎಂದು ಮೇಟ್ರನ್‌ಗೆ ಹೇಳು. ಅಣ್ಣ ಹೋದ.

ನಿನ್ನ ಕಾಗದ ಬಂದ ದಿನವೇ ಜ್ವರ ಏರಿತ್ತು. ಇಳಿಯಲಿಲ್ಲ. ವಿಷ ರಕ್ತಕ್ಕೆ ಸೇರಿದೆ ಅಂದರು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಬುಧವಾರ ಮಧ್ಯಾಹ್ನ, ನರ್ಸು ಗ್ಲೂಕೋಸ್ ಬಾಟಲಿ ಬದಲಿಸುತ್ತಿದ್ದಾಗ, ಸದ್ದಿಲ್ಲದೆ ಹೋದ. ಇದ್ದಾಗಲೂ ಹಾಗೇ ಅಲ್ಲವೇ ಹೋಗಿದ್ದು.

ಬಂದವರಿಗೆಲ್ಲ ಅಮ್ಮ ಲಕ್ವದಿಂದ ಹೋದ ಎಂದು ಹೇಳುತ್ತಾಳೆ. ಸರ್ಟಿಫಿಕೇಟಿನಲ್ಲಿ ಬೇರೆ ಏನೋ ಉದ್ದದ್ದು ಬರೆದಿದ್ದಾರೆ. ನನಗೆ ಗೊತ್ತು ಯಾತರಿಂದ ಹೋದ ಎಂದು. ನಿನಗೂ ಗೊತ್ತು. ನಮ್ಮಿಬ್ಬರನ್ನು ಬಿಟ್ಟರೆ ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ತಿಳಿದಿದ್ದರೆ ಯಾರಾದರೂ ಎರಡು ಮಾತು ಅಂದಿರುತ್ತಿದ್ದರು, ನನಗೂ ಹಗುರಾಗುತ್ತಿತ್ತು.

ಕನ್ನಡಕದಂಗಡಿಯವಳು ಬಂದಿದ್ದಳು. ಗೇಟಿನ ಹೊರಗೆ ನಿಂತಿದ್ದಳು. ಅಮ್ಮನೇ ಹೋಗಿ ಒಳಗೆ ಕರೆತಂದಳು. ಅವಳಿಗೆ ನೀರು ಕೊಟ್ಟೆ.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿ, ಸಾಕಾಯಿತು. ಬರೆದರೆ ನೀನು ನಂಬುವುದಿಲ್ಲ, ನಂಬಬೇಕು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಬರೆಯದಿದ್ದರೆ ನಿನ್ನಿಂದ ಮುಚ್ಚಿಟ್ಟ ಹಾಗೆ. ಬುಧವಾರ ಬೆಳಿಗ್ಗೆ ಅವನ ಮುಖ ಒರೆಸುತ್ತಿದ್ದೆ. ಕಣ್ಣು ಬಿಟ್ಟು ನನ್ನನ್ನು ನೋಡಿದ. ನಿನ್ನ ಹೆಸರು ಹೇಳಿದ. ಅರ್ಧ ಹೆಸರು. ಒಂದೇ ಸಲ. ನಾನು "ಏನಣ್ಣ?" ಎಂದೆ, ಆಮೇಲೆ ಮತ್ತೆ ಅವಳ ಹೆಸರನ್ನೇ ಹೇಳಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಸಾಕ್ಷಿ ಕೇಳಬೇಡ.

ಅಕ್ಕಪಕ್ಕದವರು ಎರಡು ಹೊತ್ತೂ ಊಟ ತಂದುಕೊಡುತ್ತಿದ್ದಾರೆ. ಅಮ್ಮ ಸ್ವಲ್ಪ ತಿಂದಳು, ಔಷಧಿ ತೆಗೆದುಕೊಂಡಳು, ಮಲಗಿದ್ದಾಳೆ. ಹಾಲ್‌ನ ಮಂಚ ಖಾಲಿ ಇದೆ. ಅದಕ್ಕೆ ಶೀಟು ಹಾಕಲು ಹೋದರೆ ಕೈ ಬರುವುದಿಲ್ಲ, ಹಾಕದಿದ್ದರೆ ನೋಡಲು ಆಗುವುದಿಲ್ಲ. ಹೋಟೆಲಿಗೆ ಹೋಗಿಲ್ಲ. ಹೋಗುತ್ತೇನೋ ಇಲ್ಲವೋ ತಿಳಿಯದು.

ಜಿರಾಫೆ


ಮೇ 23

ನನ್ನ ಜಿರಾಫೆ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಹದಿನೈದು ದಿನ ರಜ ಕೊಟ್ಟಿದ್ದಾರೆ. ಅಮ್ಮನಿಗೆ ಮೊದಲೇ ಹೇಳಿಬಿಡು, ನಾನು ಬರುತ್ತಿರುವುದು ಅವರ ಸೊಸೆಯಾಗಿ ಅಲ್ಲ. ಅವರು ಬೈದರೆ ಬೈಸಿಕೊಳ್ಳುತ್ತೇನೆ, ಆದರೆ ನಿನ್ನ ಕೋಣೆಯಲ್ಲಿ ಮಲಗುತ್ತೇನೆ.

ಹಿಮ್ಮಡಿಯ ಮಾತು. ಅದು ನಿನ್ನ ಕೈಯಿಂದ ಆಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ನಮ್ಮ ನಡುವೆ ಆ ಥರದ ಮಾತು ಮುಗಿಯಿತು. ಆಯಿತು, ನಿನ್ನ ಕೈಯಿಂದಲೇ ಆಯಿತು. ಅವನ ವಿಷಯ ಎತ್ತಬೇಡ ಎಂದು ನಾನು ಬಾಯಿ ಮುಚ್ಚಿಸದಿದ್ದರೆ ನೀನು ಮೊದಲ ವಾರವೇ ಎಲ್ಲ ಬರೆಯುತ್ತಿದ್ದೆ, ನಾನು ಮೊದಲ ವಾರವೇ ಬಿಚ್ಚು ಎನ್ನುತ್ತಿದ್ದೆ. ಯಾರಾದರೂ ಎರಡು ಮಾತು ಅನ್ನಲಿ ಎಂದೆಯಲ್ಲ, ನಾನು ಅನ್ನುತ್ತೇನೆ, ನೀನೂ ನನಗೆ ಅನ್ನು. ಎದುರೆದುರು ಕೂತು ಅನ್ನೋಣ. ಹೊರುವವರು ಇಬ್ಬರಿದ್ದೇವೆ.

ಇನ್ನು ನೀನು ಬರೆಯಲೋ ಬೇಡವೋ ಎಂದು ಒದ್ದಾಡಿದ ಆ ಸಾಲು. ಅವನು ಹೇಳಿದನೋ ಇಲ್ಲವೋ, ನಾನು ಕೇಳುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಕಾಗದ ಬಂದಾಗ ಬಟ್ಟೆ ಕಪಾಟಿನ ಹಿಂದೆ ಹೋಗಲಿಲ್ಲ, ಅಲ್ಲೇ ಕಾರಿಡಾರಿನಲ್ಲಿ ಒಡೆದೆ. ಅವನು ಹೋದದ್ದು ಓದಿದೆ. ಅಳು ಬಂತು, ಅತ್ತೆ. ಅಳುತ್ತಲೇ ಮುಂದೆ ಓದಿದೆ. ಅಕ್ಕಪಕ್ಕದವರು ಊಟ ತಂದುಕೊಟ್ಟರು ಎಂದಿತ್ತು. ಅಮ್ಮ ತಿಂದರು ಎಂದಿತ್ತು. ನೀನು ತಿಂದೆ ಎಂದು ಇರಲಿಲ್ಲ. ಬಿಟ್ಟುಹೋಯಿತೇನೋ ಎಂದು ಹಿಂದಿನ ಪುಟಕ್ಕೆ ಹೋದೆ. ಅಲ್ಲಿ ಇರಲಿಲ್ಲ. ಕಾಗದ ತಿರುಗಿಸಿ ಹಿಂಬದಿ ನೋಡಿದೆ, ಅಲ್ಲೂ ಇರಲಿಲ್ಲ. ಮೂರನೇ ಸಲ ಮೊದಲಿನಿಂದ ಹುಡುಕುವಾಗ ಅವನು ನನ್ನ ಹೆಸರು ಹೇಳಿದ ಸಾಲು ಆಗ ಕಣ್ಣಿಗೆ ಬಿತ್ತು. ಮೂರು ವರ್ಷ ಆ ಒಂದು ಮಾತಿಗಾಗಿ ಉಸಿರು ಹಿಡಿದು ಬದುಕಿದವಳು, ಎರಡು ಸಲ ಅದನ್ನು ದಾಟಿಕೊಂಡು ಹೋಗಿದ್ದೆ ಕಣೇ.

ಊಟ ಮಾಡಿದೆಯಾ?

ಗಿಡ್ಡಿ